ಅರಿವಳಿಕೆಯ ಮದ್ದು ಮತ್ತು ಕೈಯಳತೆಯ ನೆನಪು

(ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ನಿವೃತ್ತ ಅರಿವಳಿಕೆ ವೈದ್ಯರೊಬ್ಬರು ಮಾಡಿದ ಭಾಷಣದ ಪಾಠ)



ನಮ್ಮ ವಾಚನಾಲಯದ ಮೇಜಿನ ಮೇಲೆ ಸೂಚನೆಯ ಪುಸ್ತಕವೊಂದನ್ನು ಇಟ್ಟಿರುವುದು ತಮಗೆಲ್ಲ ತಿಳಿದೇ ಇದೆ. ಅದರಲ್ಲಿ ಸಾಧಾರಣವಾಗಿ ಕಾಣುವ ದೂರುಗಳು ಎರಡೇ: ಪಂಖ ತಿರುಗುವುದಿಲ್ಲ ಎಂಬುದು ಒಂದು, ಪತ್ರಿಕೆಯ ಪದಬಂಧವನ್ನು ಯಾರೋ ಮುಂಚೆಯೇ ತುಂಬಿಬಿಟ್ಟಿರುತ್ತಾರೆ ಎಂಬುದು ಇನ್ನೊಂದು. ಹೋದ ತಿಂಗಳು ಸದಸ್ಯರೊಬ್ಬರು ಅದರಲ್ಲಿ ಬೇರೆಯೇ ತರಹದ ಪ್ರಶ್ನೆ ಬರೆದಿದ್ದರು. ಕಾರ್ಯದರ್ಶಿಗಳು ಆ ಪುಟವನ್ನು ನನಗೆ ತೋರಿಸಿ, "ಇದಕ್ಕೆ ನೀವೇ ಉತ್ತರ ಹೇಳಬೇಕು" ಎಂದರು. ಪುಟದಲ್ಲಿ ಇದ್ದುದು ಇಷ್ಟು: "ನನ್ನ ತಾಯಿಗೆ ೭೪ ವರ್ಷ. ಸೊಂಟದ ಮೂಳೆಯ ಶಸ್ತ್ರಕ್ರಿಯೆಯಾದ ಮೇಲೆ ಮರೆವು ಹೆಚ್ಚಾಗಿದೆ. ಒಲೆಯ ಮೇಲೆ ಹಾಲಿಟ್ಟದ್ದು ನೆನಪಿರುವುದಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಕೆಟಮೀನ್ ಎಂಬ ಮದ್ದಿನ ಹೆಸರಿದೆ. ಇದನ್ನು ಕುದುರೆಗಳಿಗೆ ಕೊಡುತ್ತಾರಂತೆ, ಹುಡುಗರು ಅಮಲಿಗಾಗಿ ಸೇವಿಸುತ್ತಾರಂತೆ. ನನ್ನ ತಾಯಿಯ ನೆನಪನ್ನು ಈ ಮದ್ದು ತಿಂದುಬಿಟ್ಟಿತೇ? ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವನು ನಾನೇ."

ಕೊನೆಯ ಆ ಒಂದು ವಾಕ್ಯಕ್ಕಾಗಿಯೇ ನಾನು ಇಂದು ಇಲ್ಲಿ ನಿಂತಿದ್ದೇನೆ. ಮೂವತ್ತು ವರ್ಷಕ್ಕೂ ಮಿಕ್ಕಿ ಜನರಿಗೆ ಎಚ್ಚರ ತಪ್ಪಿಸುವುದೇ ನನ್ನ ಉದ್ಯೋಗವಾಗಿತ್ತು. ಕೆಲವರು ನನ್ನ ಭಾಷಣಗಳ ಬಗ್ಗೆಯೂ ಹಾಗೆಯೇ ಹೇಳುತ್ತಾರೆ, ಇರಲಿ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ೧೯೮೦ರ ದಶಕದ ನಡುಭಾಗ. ನಾನು ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯ. ಸುಟ್ಟಗಾಯದ ವಾರ್ಡಿಗೆ ಕುಂದಾಪುರದ ಕಡೆಯ ಒಬ್ಬ ಹುಡುಗ ಬಂದಿದ್ದ. ಹದಿನೇಳೋ ಹದಿನೆಂಟೋ ವಯಸ್ಸು. ಹೋಟೆಲಿನಲ್ಲಿ ಮಾಣಿ. ಕಾದ ಎಣ್ಣೆ ತೋಳಿನ ಮೇಲೂ ತೊಡೆಯ ಮೇಲೂ ಬಿದ್ದಿತ್ತು. ದಿನ ಬಿಟ್ಟು ದಿನ ಪಟ್ಟಿ ಬಿಚ್ಚಿ, ಗಾಯ ತೊಳೆದು, ಹೊಸ ಪಟ್ಟಿ ಕಟ್ಟಬೇಕು. ಆ ನೋವನ್ನು ಕಂಡವರಿಗೇ ಗೊತ್ತು. ಅಂಥ ಕೆಲಸಕ್ಕೆ ಕೆಟಮೀನಿನಷ್ಟು ಅನುಕೂಲವಾದ ಮದ್ದು ಆಗ ನಮ್ಮ ಬಳಿ ಇನ್ನೊಂದಿರಲಿಲ್ಲ. ನರಕ್ಕೆ ಕೊಟ್ಟ ಒಂದು ನಿಮಿಷದೊಳಗೆ ಕೆಲಸ ಮಾಡುತ್ತದೆ. ಹತ್ತು ಹದಿನೈದು ನಿಮಿಷ ನೋವೆಂಬುದೇ ತಿಳಿಯುವುದಿಲ್ಲ. ಉಸಿರಾಟ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ, ರಕ್ತದ ಒತ್ತಡ ಕುಸಿಯುವ ಬದಲು ತುಸು ಏರುತ್ತದೆ. ಕಣ್ಣು ಮಾತ್ರ ತೆರೆದೇ ಇರುತ್ತದೆ, ಗುಡ್ಡೆಗಳು ಮೆಲ್ಲಗೆ ಅತ್ತಿತ್ತ ಆಡುತ್ತವೆ. ಮನೆಯ ದೀಪ ಉರಿಯುತ್ತಿದೆ, ಒಳಗೆ ಯಾರೂ ಇಲ್ಲ. ನೋಡುವವರಿಗೆ ಹಾಗೆ ಕಾಣುತ್ತದೆ.

ಮೊದಲ ಸಲ ಪಟ್ಟಿ ಕಟ್ಟಿದ ಮೇಲೆ ಹುಡುಗ ಎಚ್ಚರವಾಗುತ್ತ ಕಿರುಚಿಕೊಂಡ. ಸಿಸ್ಟರಿಗೆ ಮರಾಠಿ, ಮಲಯಾಳ ಬರುತ್ತಿತ್ತು, ಕನ್ನಡ ಬಾರದು. ನನ್ನನ್ನು ಕರೆಸಿದರು. "ಡಾಕ್ಟ್ರೇ, ನಾನು ಮೇಲೆ ಮಾಡಿನ ಹತ್ತಿರ ಇದ್ದೆ. ಕೆಳಗೆ ಮಲಗಿದ್ದವ ಯಾರು? ನಾನು ಸತ್ತು ಹೋಗಿದ್ದೆನಾ?" ಎಂದು ಕೇಳಿದ. ನಾನು ನಕ್ಕುಬಿಟ್ಟೆ. "ಕನಸು ಕಂಡಿದ್ದೀಯ ಮಾಣಿ, ಮಲಗು" ಎಂದು ಹೇಳಿ ಹೊರಟುಹೋದೆ. ಹೀಗಾಗಬಹುದೆಂದು ಅವನಿಗೆ ಮುಂದಾಗಿ ಒಂದು ಮಾತನ್ನೂ ಹೇಳಿರಲಿಲ್ಲ. ಎಚ್ಚರವಾಗುವಾಗಿನ ಈ ಭಯವನ್ನು ತಗ್ಗಿಸಲು ಡಯಜಪಾಮಿನಂಥ ಮದ್ದನ್ನು ಜೊತೆಗೆ ಕೊಡುವ ಕ್ರಮ ಪುಸ್ತಕದಲ್ಲೇ ಇತ್ತು. ಅವಸರದಲ್ಲಿ ಅದನ್ನೂ ಮಾಡಿರಲಿಲ್ಲ.

ಮೂರನೆಯ ಸಲಕ್ಕೆ ಹುಡುಗ ಚುಚ್ಚುಮದ್ದೇ ಬೇಡವೆಂದ. ನೋವು ತಡೆದುಕೊಳ್ಳುತ್ತೇನೆ, ಅದು ಮಾತ್ರ ಬೇಡ ಎಂದು ಹಟ ಹಿಡಿದ. ಆಗ ನಾನು ಪಕ್ಕದಲ್ಲಿ ಕುಳಿತು ವಿಚಾರಿಸಿದೆ. ಮಾಡಿನ ಹತ್ತಿರ ತೇಲಿದ್ದು ಅವನಿಗೆ ಅಷ್ಟು ದೊಡ್ಡ ವಿಷಯವಾಗಿರಲಿಲ್ಲ. ಹೆದರಿಕೆ ಬೇರೆಯಿತ್ತು. ಹಿಂದಿನ ಸಲ ಪಟ್ಟಿ ಕಟ್ಟಿದ ದಿನ ಮಧ್ಯಾಹ್ನ ಅಕ್ಕಪಕ್ಕದ ಹಾಸಿಗೆಯವರು ತಮಾಷೆಗೆ, "ಏನಪ್ಪಾ, ನಮ್ಮ ಚಹಾದ ಆರ್ಡರು ತೆಗೆದುಕೋ" ಎಂದಿದ್ದರಂತೆ. ನಾಲ್ಕು ಜನರದ್ದು ಕೇಳಿ ವಾರ್ಡ್ ಬಾಯ್‌ಗೆ ಹೇಳಹೋದರೆ ಎಲ್ಲ ಕಲಸಿಹೋಯಿತು. "ಐದು ಮೇಜಿನ ಆರ್ಡರ್ ಚೀಟಿ ಇಲ್ಲದೆ ಹೇಳುತ್ತಿದ್ದವ ನಾನು. ತಲೆಯಲ್ಲಿ ನಿಲ್ಲದಿದ್ದರೆ ಮಾಲಕರು ಪುನಃ ಗ್ಲಾಸು ತೊಳೆಯಲಿಕ್ಕೆ ಹಾಕುತ್ತಾರೆ. ನನ್ನ ತಲೆ ಹೋಯಿತಾ ಡಾಕ್ಟ್ರೇ?" ಎಂದ.

"ಏನೂ ಆಗುವುದಿಲ್ಲ" ಎಂದು ನಾನು ಹೇಳಿದೆ. ಆ ಉತ್ತರವನ್ನು ತಿಳಿದು ಹೇಳಿರಲಿಲ್ಲ. ಡಾಕ್ಟರನ ಬಾಯಿಗೆ ಅಭ್ಯಾಸವಾದ ಮಾತು ಅದು. ಅವನ ಪ್ರಶ್ನೆ ಮಾತ್ರ ಬಹಳ ಸರಿಯಾದದ್ದಾಗಿತ್ತು. ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲಿ ಅದೇ ಪ್ರಶ್ನೆಯನ್ನು ಮುಂದೆ ವರ್ಷಗಟ್ಟಲೆ ಕೇಳಿದರು. ಈಗ ಅದಕ್ಕೆ ಬರುತ್ತೇನೆ.

ಈ ಮದ್ದಿನ ಅಣ್ಣನೊಬ್ಬನಿದ್ದ; ಹೆಸರು ಫೆನ್‌ಸೈಕ್ಲಿಡಿನ್. ಅಮೆರಿಕದ ಡೆಟ್ರಾಯಿಟ್ ನಗರದ ಪಾರ್ಕ್ ಡೇವಿಸ್ ಕಂಪನಿಯಲ್ಲಿ ೧೯೫೬ರಲ್ಲಿ ಹುಟ್ಟಿದ. ಶಸ್ತ್ರಕ್ರಿಯೆಗೆ ಒಳ್ಳೆಯ ಮದ್ದೇ, ಆದರೆ ಎಚ್ಚರವಾದ ರೋಗಿಗಳಲ್ಲಿ ಕೆಲವರು ಗಂಟೆಗಟ್ಟಲೆ ಹುಚ್ಚರಂತೆ ವರ್ತಿಸುತ್ತಿದ್ದರು. ಹಾಗಾಗಿ ಮನುಷ್ಯರಿಗೆ ಕೊಡುವುದನ್ನು ನಿಲ್ಲಿಸಿದರು. ಅದೇ ಜಾತಿಯ, ಆದರೆ ಬೇಗ ಇಳಿಯುವ ಮದ್ದನ್ನು ಹುಡುಕುತ್ತ ೧೯೬೨ರಲ್ಲಿ ಕ್ಯಾಲ್ವಿನ್ ಸ್ಟೀವನ್ಸ್ ಎಂಬ ರಸಾಯನಶಾಸ್ತ್ರಜ್ಞರು ಕೆಟಮೀನನ್ನು ತಯಾರಿಸಿದರು. ೧೯೬೪ರ ಆಗಸ್ಟಿನಲ್ಲಿ ಎಡ್ವರ್ಡ್ ಡೊಮಿನೊ ಮತ್ತು ಗುಂಟರ್ ಕೋರ್ಸೆನ್ ಎಂಬ ವೈದ್ಯರು ಅದನ್ನು ಮೊದಲ ಸಲ ಮನುಷ್ಯನಿಗೆ ಕೊಟ್ಟರು. ಯಾವ ಮನುಷ್ಯನಿಗೆ? ಮಿಚಿಗನ್ ಸಂಸ್ಥಾನದ ಜಾಕ್ಸನ್ ಸೆರೆಮನೆಯ ಕೈದಿಗಳಿಗೆ. ಅವರು ತಾವಾಗಿ ಒಪ್ಪಿದವರೆಂದೇ ದಾಖಲೆಯಲ್ಲಿದೆ. ಬೀಗ ಹಾಕಿದ ಕೋಣೆಯೊಳಗಿನ ಒಪ್ಪಿಗೆಗೆ ಎಷ್ಟು ಬೆಲೆ ಎಂಬುದನ್ನು ತಾವೇ ಯೋಚಿಸಬಹುದು. ಇಂದು ಹಾಗೆ ಮಾಡಲು ಬಿಡುವುದಿಲ್ಲ.

ಆ ಕೈದಿಗಳು ಹೇಳಿದ್ದೂ ನಮ್ಮ ಮಾಣಿ ಹೇಳಿದ್ದೂ ಹೆಚ್ಚುಕಡಿಮೆ ಒಂದೇ: ಕೈಕಾಲು ಇಲ್ಲ, ಗಾಳಿಯಲ್ಲಿ ತೇಲಿದೆ. ಇದಕ್ಕೆ ಏನು ಹೆಸರಿಡುವುದೆಂದು ಡೊಮಿನೊ ಮನೆಯಲ್ಲಿ ಮಾತಾಡುತ್ತಿದ್ದಾಗ ಅವರ ಪತ್ನಿ ಟೋನಿ ಒಂದು ಮಾತು ಸೂಚಿಸಿದರು. ಅದೇ ಇಂದಿಗೂ ಈ ವರ್ಗದ ಮದ್ದುಗಳ ಹೆಸರಾಗಿ ಉಳಿದಿದೆ. ಕನ್ನಡದಲ್ಲಿ ಬಿಡಿಸಿ ಹೇಳಿದರೆ, ಮೈಯಿಂದ ಮನಸ್ಸನ್ನು ಬೇರ್ಪಡಿಸುವ ಅರಿವಳಿಕೆ. ೧೯೭೦ರಲ್ಲಿ ಅಮೆರಿಕದಲ್ಲಿ ಇದಕ್ಕೆ ಸರಕಾರದ ಒಪ್ಪಿಗೆ ಸಿಕ್ಕಿತು. ವಿಯೆಟ್ನಾಮ್ ಯುದ್ಧದ ಗಾಯಾಳುಗಳಿಗೆ ಕೊಟ್ಟರು. ೧೯೮೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವಶ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ೨೦೧೮ರ ಜುಲೈಯಲ್ಲಿ ಥೈಲೆಂಡಿನ ಗುಹೆಯಲ್ಲಿ ನೀರಿಗೆ ಸಿಕ್ಕಿಬಿದ್ದ ೧೨ ಹುಡುಗರನ್ನೂ ಅವರ ತರಬೇತಿದಾರನನ್ನೂ ಹೊರತಂದ ಸಂಗತಿ ತಮಗೆ ನೆನಪಿರಬಹುದು. ಎಚ್ಚರವಿದ್ದರೆ ಮುಳುಗುನೀರಿನಲ್ಲಿ ಗಾಬರಿಗೊಂಡು ಸಾಯುತ್ತಾರೆಂದು ಆಸ್ಟ್ರೇಲಿಯದ ರಿಚರ್ಡ್ ಹ್ಯಾರಿಸ್ ಎಂಬ ಅರಿವಳಿಕೆ ವೈದ್ಯರು ಅವರಿಗೆ ಇದೇ ಕೆಟಮೀನನ್ನು ಚುಚ್ಚಿದರು. ದಾರಿಯಲ್ಲಿ ಅಮಲು ಇಳಿದಾಗ ಮುಳುಗುಗಾರರೇ ಮತ್ತೆ ಚುಚ್ಚಿದರು. ಎಲ್ಲರೂ ಬದುಕಿ ಬಂದರು. ಕುದುರೆಯ ಮದ್ದು ಎಂದು ಹಂಗಿಸುವವರಿಗೆ ನಾನು ಈ ಕಥೆ ಹೇಳುವುದುಂಟು. ಕುದುರೆಗೆ ಕೊಡುವುದು ನಿಜ, ಆದರೆ ಕುದುರೆಗೂ ನಮಗೂ ಕೊಡುವ ಮದ್ದು ಬೇಕಾದಷ್ಟಿದೆ.

ಇನ್ನು ಈ ಮದ್ದು ಮಿದುಳಿನಲ್ಲಿ ಮಾಡುವುದೇನು? ನರಕೋಶಗಳು ಒಂದರೊಡನೊಂದು ಮಾತಾಡುವುದು ಬಹುಮಟ್ಟಿಗೆ ಗ್ಲುಟಮೇಟ್ ಎಂಬ ವಸ್ತುವಿನ ಮೂಲಕ. ಅದನ್ನು ಸ್ವೀಕರಿಸುವ ಬಾಗಿಲುಗಳಲ್ಲಿ ಒಂದು ಬಗೆಗೆ ಎನ್‌ಎಂಡಿಎ ಗ್ರಾಹಿ ಎಂದು ಹೆಸರು. ಇದು ವಿಚಿತ್ರವಾದ ಬಾಗಿಲು. ಬೇರೆ ಬಾಗಿಲುಗಳು ತಟ್ಟಿದ ಕೂಡಲೇ ತೆರೆದು ಕೂಡಲೇ ಮುಚ್ಚುತ್ತವೆ. ಇದಕ್ಕೆ ಮಾತ್ರ ಒಳಗಡೆ ಮೆಗ್ನೀಷಿಯಮ್ಮಿನ ಬಿರಡೆಯೊಂದಿದೆ. ಹೊರಗಿನಿಂದ ಗ್ಲುಟಮೇಟ್ ಬಂದು ತಟ್ಟಬೇಕು, ಒಳಗಿನ ಕೋಶವೂ ಅದೇ ಹೊತ್ತಿಗೆ ಎಚ್ಚೆತ್ತಿರಬೇಕು. ಆಗಲೇ ಬಿರಡೆ ಹಾರಿ ಬಾಗಿಲು ತೆರೆಯುತ್ತದೆ. ತೆರೆದರೆ ನಿಧಾನವಾಗಿ ಮುಚ್ಚುತ್ತದೆ. ಎರಡು ಸಂಗತಿ ಒಟ್ಟಿಗೆ ನಡೆದುವು ಎಂಬುದನ್ನು ಗುರುತಿಸುವ ಕೆಲಸಕ್ಕೂ, ಒಂದು ಸುದ್ದಿಯನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕೆಲಸಕ್ಕೂ ಹೇಳಿ ಮಾಡಿಸಿದಂಥ ಬಾಗಿಲು. ಕೆಟಮೀನ್ ಈ ಬಾಗಿಲು ತೆರೆದಾಗ ಒಳನುಗ್ಗಿ ನಡುವೆಯೇ ನಿಂತುಬಿಡುತ್ತದೆ. ವಿರಾರ್ ಗಾಡಿಯ ಬಾಗಿಲಲ್ಲಿ ನಿಂತವರನ್ನು ನೆನೆಯಿರಿ. ತಾವೂ ಒಳಗೆ ಹೋಗರು, ಬೇರೆಯವರನ್ನೂ ಬಿಡರು. ೧೯೮೩ರಲ್ಲಿ ಲಂಡನ್ನಿನ ಡೇವಿಡ್ ಲಾಡ್ಜ್ ಮತ್ತು ಸಂಗಡಿಗರು ಇದನ್ನು ಕಂಡುಹಿಡಿದು ಪ್ರಕಟಿಸಿದ್ದರು. ನಾನು ಮಾಣಿಯ ಹಾಸಿಗೆಯ ಪಕ್ಕ ಕುಳಿತಿದ್ದಾಗ ಉತ್ತರದ ಅರ್ಧಭಾಗ ಆಗಲೇ ಅಚ್ಚಾಗಿತ್ತು. ನಾನು ಓದಿರಲಿಲ್ಲ.

ಉಳಿದರ್ಧ ನೆನಪಿಗೆ ಸಂಬಂಧಿಸಿದ್ದು. ನೆನಪು ಎಂದು ನಾವು ಒಂದೇ ಮಾತಿನಲ್ಲಿ ಹೇಳಿದರೂ ಅದರಲ್ಲಿ ಹಲವು ಬಗೆಗಳಿವೆ. ಊರಿನ ಮನೆಯ ಬಾವಿಕಟ್ಟೆ ನೆನಪಾಗುವುದು ಒಂದು ಬಗೆ. ಅದು ಅಟ್ಟದ ಮೇಲಿನ ಪೆಟ್ಟಿಗೆ. ಈಗ ಕೇಳಿದ ಟೆಲಿಫೋನ್ ಸಂಖ್ಯೆಯನ್ನು ಬರೆದುಕೊಳ್ಳುವವರೆಗೆ ಹಿಡಿದಿಡುವುದು ಇನ್ನೊಂದು ಬಗೆ. ಇದನ್ನು ನಾನು ಕೈಯಳತೆಯ ನೆನಪು ಎಂದು ಕರೆಯುತ್ತೇನೆ. ಪಂಡಿತರು ಕಾರ್ಯಸ್ಮೃತಿ ಎನ್ನುತ್ತಾರೆ. ಇದರ ಜಾಗ ಬಹಳ ಸಣ್ಣದು. ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ೧೯೫೬ರಲ್ಲಿ ಏಳರ ಆಸುಪಾಸು ಸಂಗತಿಗಳು ಎಂದರು. ಮುಂದೆ ನಾಲ್ಕೇ ಎಂದವರೂ ಇದ್ದಾರೆ. ಆದರೆ ಈ ಸಣ್ಣ ಜಾಗ ಬರಿಯ ಕಪಾಟಲ್ಲ, ಕೆಲಸ ಮಾಡುವ ಮೇಜು. ಮಾಣಿ ಐದು ಮೇಜಿನ ಆರ್ಡರನ್ನು ಹಾಗೆಯೇ ಒಪ್ಪಿಸಿದರೆ ಅದು ಹಿಡಿದಿಡುವ ಕೆಲಸ. ಅಷ್ಟರಲ್ಲಿ ಎರಡನೆಯ ಮೇಜಿನವರು ಮಸಾಲೆ ಬೇಡ, ಸಾದಾ ಮಾಡು ಎನ್ನುತ್ತಾರೆ; ನಾಲ್ಕನೆಯವರು ಮೂರು ಕಾಫಿಯಲ್ಲಿ ಒಂದಕ್ಕೆ ಸಕ್ಕರೆ ಹಾಕಬೇಡ ಎನ್ನುತ್ತಾರೆ; ಅಷ್ಟನ್ನೂ ತಲೆಯೊಳಗೇ ತಿದ್ದಿ ಅಡಿಗೆಮನೆಗೆ ಕೂಗಬೇಕು. ಇದು ತಿರುವಿಹಾಕುವ ಕೆಲಸ.

ಇದು ಮಿದುಳಿನಲ್ಲಿ ನಡೆಯುವುದೆಲ್ಲಿ? ಮುಖ್ಯವಾಗಿ ಹಣೆಯ ಹಿಂದಿನ ಭಾಗದಲ್ಲಿ. ೧೯೭೧ರಲ್ಲಿ ಹೋಕಿನ್ ಫ್ಯೂಸ್ಟರ್ ಅವರೂ ಜಪಾನಿನ ವಿಜ್ಞಾನಿಗಳೂ ಮಂಗಗಳ ಆ ಭಾಗದಲ್ಲಿ ಒಂದು ಸೋಜಿಗ ಕಂಡರು. ಮಂಗಕ್ಕೆ ಗುರುತು ತೋರಿಸಿ, ಮರೆಮಾಡಿ, ಕಾಯಿಸಿದರೆ, ಕೆಲವು ನರಕೋಶಗಳು ಆ ಕಾಯುವ ಹೊತ್ತಿನಲ್ಲೆಲ್ಲ ಬಿಡದೆ ಮಿಡಿಯುತ್ತಿದ್ದುವು. ಎದುರಿಗೆ ಏನೂ ಇಲ್ಲ, ಆದರೂ ಕೋಶಗಳು ಅದನ್ನು ಬಿಟ್ಟುಕೊಟ್ಟಿಲ್ಲ. ಒಂದು ಕೋಶ ಇನ್ನೊಂದನ್ನು ತಟ್ಟಿ, ಅದು ಮತ್ತೆ ಇದನ್ನು ತಟ್ಟಿ, ಸುದ್ದಿಯನ್ನು ಆರಗೊಡದೆ ಕಾಯುತ್ತವೆ. ಹೀಗೆ ಕಾಯಲು ಬೇಕಾದದ್ದು ನಿಧಾನವಾಗಿ ಮುಚ್ಚುವ ಬಾಗಿಲೇ. ೨೦೧೩ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಅವರ ತಂಡ ಮಂಗಗಳಿಗೆ ಕೆಟಮೀನ್ ಕೊಟ್ಟು ನೋಡಿದಾಗ, ಕಾಯುವ ಆ ಕೋಶಗಳು ಸುಮ್ಮನಾದುವು. ಅದೇ ಸಮಯದಲ್ಲಿ ಕೈಯಾಡಿಸುವ ಗಳಿಗೆಯಲ್ಲಿ ಮಿಡಿಯುವ ಬೇರೆ ಕೆಲವು ಕೋಶಗಳು ಮೊದಲಿಗಿಂತ ಹೆಚ್ಚು ಗದ್ದಲ ಮಾಡಿದುವು. ಆದ್ದರಿಂದ ಈ ಮದ್ದು ಮಿದುಳನ್ನು ಸುಮ್ಮನೆ ಮಲಗಿಸುತ್ತದೆ ಎಂಬ ಮಾತು ಪೂರ್ತಿ ಸರಿಯಲ್ಲ. ಅಧ್ಯಕ್ಷರು ಎದ್ದುಹೋದ ಸಭೆಯಂತೆ ಆಗುತ್ತದೆ. ಮಾತಿಗೇನೂ ಕೊರತೆಯಿಲ್ಲ, ಠರಾವು ಮಾತ್ರ ಆಗುವುದಿಲ್ಲ. (ನಮ್ಮ ಅಧ್ಯಕ್ಷರು ಕ್ಷಮಿಸಬೇಕು.)

ಮನುಷ್ಯರ ಮೇಲೂ ಪರೀಕ್ಷೆ ನಡೆದಿದೆ. ೧೯೯೪ರಲ್ಲಿ ಯೇಲಿನಲ್ಲೇ ಜಾನ್ ಕ್ರಿಸ್ಟಲ್ ಮತ್ತಿತರರು ೧೯ ಮಂದಿ ಆರೋಗ್ಯವಂತರಿಗೆ ಎಚ್ಚರ ತಪ್ಪದಷ್ಟು ಸಣ್ಣ ಪ್ರಮಾಣದಲ್ಲಿ ಇದನ್ನು ಕೊಟ್ಟರು. ಇಂದು ಯಾವ ವಾರ, ಇದು ಯಾವ ಊರು ಎಂಬಂಥ ಸಾಧಾರಣ ಪ್ರಶ್ನೆಗಳಿಗೆ ಅವರು ಸರಿಯಾಗಿಯೇ ಉತ್ತರ ಕೊಟ್ಟರು. ಗಮನವಿಡುವ, ನಿಯಮ ಬದಲಾದಾಗ ತಾವೂ ಬದಲಾಗುವ ಪರೀಕ್ಷೆಗಳಲ್ಲಿ ಎಡವಿದರು. ೨೦೦೩ರಲ್ಲಿ ಕೇಂಬ್ರಿಜ್ಜಿನವರು ಇನ್ನೂ ಸೂಕ್ಷ್ಮವಾಗಿ ನೋಡಿ, ಸಣ್ಣ ಪ್ರಮಾಣದಲ್ಲಿ ಹಿಡಿದಿಡುವ ಶಕ್ತಿ ಉಳಿಯುತ್ತದೆ, ತಿರುವಿಹಾಕುವ ಶಕ್ತಿ ಕುಂದುತ್ತದೆ ಎಂದು ತೋರಿಸಿದರು.

ಇದನ್ನು ಓದಿದ ದಿನ ನನಗೆ ನಮ್ಮ ಮಾಣಿ ಕಣ್ಣೆದುರು ಬಂದ. ಏಕೆಂದರೆ ಅವನನ್ನು ಸಮಾಧಾನಪಡಿಸಲು ಅಂದು ನಾನೂ ಒಂದು ಪರೀಕ್ಷೆ ಮಾಡಿದ್ದೆ. ಮೂರನೆಯ ಸಲ ಡಯಜಪಾಮ್ ಮೊದಲು ಕೊಟ್ಟು, ಹೀಗೆ ಹೀಗೆ ಆದೀತು, ಹೆದರಬೇಡ, ನಾನು ಪಕ್ಕದಲ್ಲೇ ಇರುತ್ತೇನೆ ಎಂದು ಹೇಳಿ, ಊರ ತೇರಿನ ವಿಷಯ ಮಾತಾಡಿಸುತ್ತ ಚುಚ್ಚಿದೆ. ಆ ಸಲ ಅವನು ಕಿರುಚಲಿಲ್ಲ. ಸಂಜೆ ಐದು ಅಂಕಿ ಹೇಳಿದೆ, ನಿಧಾನವಾಗಿ ಒಪ್ಪಿಸಿದ. ಹಿಂದುಮುಂದಾಗಿ ಹೇಳು ಎಂದೆ; ಮೂರಕ್ಕೇ ಮುಗ್ಗರಿಸಿ ಅಳುಮುಖ ಮಾಡಿದ. ಮರುದಿನ ಬೆಳಿಗ್ಗೆ ಹೋದರೆ, ನಾನು ಬಾಯಿ ತೆರೆಯುವ ಮೊದಲೇ ನಿನ್ನೆಯ ಐದನ್ನೂ ಹಿಂದುಮುಂದಾಗಿ ಹೇಳಿ, "ಇನ್ನೂ ಎರಡು ಕೂಡಿಸಿ ಡಾಕ್ಟ್ರೇ" ಎಂದ! ಆರು ವಾರದ ಮೇಲೆ ಅವನು ಹೋಟೆಲಿಗೆ ಹಿಂತಿರುಗಿದ. ಒಂದು ದಿನ ನಾನೇ ಹೋಗಿ ಕುಳಿತು, ಬೇಕೆಂದೇ ಆರ್ಡರನ್ನು ಎರಡು ಸಲ ಬದಲಾಯಿಸಿದೆ. ತಪ್ಪಲಿಲ್ಲ. ಬಿಲ್ಲಿನಲ್ಲೂ ತಪ್ಪಲಿಲ್ಲ.

ಆದರೆ ಎಲ್ಲರ ಕಥೆಯೂ ಹೀಗಲ್ಲವೆಂಬುದನ್ನು ಮುಚ್ಚಿಡಬಾರದು. ಇಲ್ಲಿ ತರುಣರೂ ಕುಳಿತಿದ್ದಾರೆ. ಲಂಡನ್ನಿನಲ್ಲಿ ಸೀಲಿಯಾ ಮೋರ್ಗನ್, ವ್ಯಾಲರಿ ಕರ‍್ರನ್ ಮುಂತಾದವರು ೧೫೦ ಜನರನ್ನು ಪರೀಕ್ಷಿಸಿ, ಒಂದು ವರ್ಷದ ಮೇಲೆ ಮತ್ತೆ ನೋಡಿ, ೨೦೧೦ರಲ್ಲಿ ವರದಿ ಪ್ರಕಟಿಸಿದರು. ಅಮಲಿಗಾಗಿ ಪದೇ ಪದೇ ಕೆಟಮೀನ್ ಸೇವಿಸುವವರಲ್ಲಿ ನೆನಪಿನ ಕುಂದು ಸ್ಪಷ್ಟವಾಗಿತ್ತು. ಸೇವನೆ ಹೆಚ್ಚಿದಷ್ಟೂ ಕೈಯಳತೆಯ ನೆನಪು ಇಳಿದಿತ್ತು. ಅಪರೂಪಕ್ಕೆ ಸೇವಿಸಿದವರಲ್ಲಿಯೂ ಬಿಟ್ಟವರಲ್ಲಿಯೂ ಅಂಥ ಕುಂದು ಅಷ್ಟಾಗಿ ಕಾಣಲಿಲ್ಲ. ಮೂತ್ರಕೋಶ ಹಾಳಾಗುವುದು ಇನ್ನೊಂದು ದೊಡ್ಡ ಕೇಡು. ಆ ನೋವಿನ ವರ್ಣನೆ ಈ ಸಭೆಗೆ ಬೇಡ. ಇಲಿಗಳ ಮಿದುಳಿನಲ್ಲಿ ಈ ಜಾತಿಯ ಮದ್ದುಗಳಿಂದ ಕೋಶಗಳೊಳಗೆ ಗುಳ್ಳೆಗಳೇಳುವುದನ್ನು ಜಾನ್ ಓಲ್ನಿ ೧೯೮೯ರಲ್ಲೇ ತೋರಿಸಿದ್ದರು. ೨೦೧೬ರಲ್ಲಿ ಅಮೆರಿಕದ ಔಷಧಿ ಇಲಾಖೆ, ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗೂ ಮೀರಿದ ಇಲ್ಲವೆ ಮತ್ತೆ ಮತ್ತೆ ಕೊಡುವ ಅರಿವಳಿಕೆಯ ವಿಷಯದಲ್ಲಿ ಎಚ್ಚರಿಕೆ ಕೊಟ್ಟಿತು; ಅದು ಕೆಟಮೀನಿಗೊಂದಕ್ಕೇ ಅಲ್ಲ. ನಮ್ಮ ದೇಶದಲ್ಲಿ ೨೦೧೩ರಿಂದ ಕೆಟಮೀನ್ ಕಟ್ಟುನಿಟ್ಟಿನ ಎಕ್ಸ್ ಅನುಸೂಚಿಯಲ್ಲಿದೆ. ಅದರ ಲೆಕ್ಕ ಬರೆಯುವುದು ಆಸ್ಪತ್ರೆಗಳಿಗೆ ತಲೆನೋವೇ ಸರಿ, ಆದರೂ ಇರಲಿ ಎನ್ನುವವನು ನಾನು.

ಇದೇ ಮದ್ದು ಖಿನ್ನತೆಗೂ ಉಪಯೋಗವಾಗುತ್ತದೆಂದು ಪತ್ರಿಕೆಯಲ್ಲಿ ಓದಿರುತ್ತೀರಿ. ಅದೂ ನಿಜ. ೨೦೦೦ರಲ್ಲಿ ಯೇಲಿನಿಂದ ಮೊದಲ ಸುದ್ದಿ ಬಂತು. ಬೇರೆ ಮದ್ದು ವಾರಗಟ್ಟಲೆ ತೆಗೆದುಕೊಳ್ಳುವ ಕೆಲಸವನ್ನು ಇದು ಗಂಟೆಗಳಲ್ಲಿ ಮಾಡುತ್ತದೆ. ೨೦೧೯ರಲ್ಲಿ ಇದರ ಒಂದು ರೂಪವನ್ನು ಮೂಗಿಗೆ ಸಿಂಪಡಿಸುವ ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿದರು. ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರಿಗೆ ಕೊಡತಕ್ಕದ್ದು. ಇದರ ಬಗ್ಗೆ ಬೇಕಾದರೆ ಮತ್ತೊಮ್ಮೆ ಮಾತಾಡೋಣ.

ಈಗ ಸೂಚನೆಯ ಪುಸ್ತಕದಲ್ಲಿ ಬರೆದ ಮಹನೀಯರಿಗೆ. ಶಸ್ತ್ರಕ್ರಿಯೆಯ ವೇಳೆ ಒಂದು ಸಲ ಕೊಟ್ಟ ಕೆಟಮೀನ್ ಗಂಟೆಗಳೊಳಗೆ ಮೈಯಿಂದ ಇಳಿದುಹೋಗುತ್ತದೆ. ತಿಂಗಳುಗಳ ಮೇಲೂ ಹಾಲು ಉಕ್ಕುತ್ತಿದ್ದರೆ ಅದನ್ನು ಆ ಮದ್ದಿನ ತಲೆಗೆ ಕಟ್ಟಲು ನನಗೆ ಆಧಾರ ಕಾಣುವುದಿಲ್ಲ. ೨೦೧೭ರಲ್ಲಿ ಹಲವು ದೇಶಗಳ ೬೭೨ ಮಂದಿ ಹಿರಿಯರ ಮೇಲೆ ನಡೆದ ಪರೀಕ್ಷೆಯ ವರದಿ ಬಂತು. ಶಸ್ತ್ರಕ್ರಿಯೆಯ ನಂತರದ ದಿನಗಳ ಬುದ್ಧಿಭ್ರಮೆಯನ್ನು ಕೆಟಮೀನ್ ತಡೆಯುತ್ತದೆಯೇ ಎಂದು ನೋಡಿದ್ದರು. ತಡೆಯಲಿಲ್ಲ, ಹೆಚ್ಚಿಸಲೂ ಇಲ್ಲ. ಕೆಟ್ಟ ಕನಸು, ಭ್ರಮೆಗಳು ಮಾತ್ರ ಹೆಚ್ಚಾಗಿದ್ದುವು. ವಯಸ್ಸಾದವರಿಗೆ ಸೊಂಟ ಮುರಿಯುವುದೇ ಒಂದು ದೊಡ್ಡ ಪೆಟ್ಟು. ನೋವು, ನಿದ್ದೆಗೇಡು, ಜ್ವರ, ಹೊಸ ಜಾಗ, ಹತ್ತು ಬಗೆಯ ಮಾತ್ರೆಗಳು, ಇವೆಲ್ಲ ಸೇರಿ ನೆನಪನ್ನು ಅಲುಗಾಡಿಸುತ್ತವೆ. ಎಷ್ಟೋ ಸಲ ಮೊದಲೇ ಸದ್ದಿಲ್ಲದೆ ಶುರುವಾಗಿದ್ದ ಮರೆವು ಆಗ ಮನೆಯವರ ಕಣ್ಣಿಗೆ ಬೀಳುತ್ತದೆ.

ನೀವು ಸಹಿ ಹಾಕದೆ ಇದ್ದಿದ್ದರೆ ಅವರು ನೋವಿನಲ್ಲಿ ಹಾಸಿಗೆ ಹಿಡಿದಿರುತ್ತಿದ್ದರು. ಒಲೆಯ ತನಕ ನಡೆದುಬರುವ ಮಾತೇ ಇರುತ್ತಿರಲಿಲ್ಲ. "ಏನೂ ಆಗುವುದಿಲ್ಲ" ಎಂದು ಮಾತ್ರ ನಾನು ಈ ಸಲ ಹೇಳುವುದಿಲ್ಲ, ಏಕೆಂದರೆ ನಿಮ್ಮ ತಾಯಿಯವರನ್ನು ನಾನು ನೋಡಿಲ್ಲ. ಥೈರಾಯ್ಡ್ ಮತ್ತು ಬಿ೧೨ ಜೀವಸತ್ವದ ರಕ್ತಪರೀಕ್ಷೆ ಮಾಡಿಸಿರಿ. ಕಿವಿ ಸರಿಯಾಗಿ ಕೇಳಿಸುತ್ತದೆಯೇ ನೋಡಿಸಿರಿ. ಕೇಳಿಸದೇ ಇದ್ದುದನ್ನು ಮರೆತರೆಂದು ನಾವು ತಿಳಿಯುವುದುಂಟು. ನಿದ್ದೆಯ ಮಾತ್ರೆ ಇನ್ನೂ ನಡೆಯುತ್ತಿದ್ದರೆ ವೈದ್ಯರಿಗೆ ತಿಳಿಸಿರಿ, ಆದರೆ ತಾವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿರಿ. ಶನಿವಾರ ಸಂಜೆ ಐದರಿಂದ ಏಳರವರೆಗೆ ನಾನು ಇಲ್ಲಿಯೇ ಪತ್ರಿಕೆಗಳ ಮೇಜಿನ ಬಳಿ ಇರುತ್ತೇನೆ. ಆಸ್ಪತ್ರೆಯ ಕಾಗದಗಳನ್ನೂ, ಈಗ ಕೊಡುತ್ತಿರುವ ಮಾತ್ರೆಗಳ ಡಬ್ಬಿಯನ್ನೂ ತನ್ನಿರಿ. ಆಗುವುದಾದರೆ ತಾಯಿಯವರನ್ನೂ ಕರೆತನ್ನಿರಿ. ಮೆಟ್ಟಿಲು ಹತ್ತಲಾಗದಿದ್ದರೆ ನಾನೇ ಕೆಳಗೆ ಬರುತ್ತೇನೆ.